ಮೊದಲು ಕೆಲಸ, ಆಮೇಲೆ ಗಂಟುಮೂಟೆ

ನನ್ನ ಸೋದರಮಾವನಿಗೆ ಮದುವೆಯಾದದ್ದು ನಲವತ್ತಾರನೆಯ ವಯಸ್ಸಿನಲ್ಲಿ. ಅಷ್ಟು ಹೊತ್ತಿಗೆ ಅವನ ಮುಂದೆ ಹೆಣ್ಣಿನ ಮಾತು ಎತ್ತುವುದನ್ನು ಮನೆಯವರೆಲ್ಲ ಬಿಟ್ಟೇಬಿಟ್ಟಿದ್ದರು. ಅವನು ಲಿಫ್ಟ್ ಮೆಕ್ಯಾನಿಕ್. ಒಂದು ಕಂಪನಿಯ ರಿಪೇರಿ ತಂಡಕ್ಕೆ ಮುಖ್ಯಸ್ಥ. ಹಗಲೆಲ್ಲ ಯಾವುದಾದರೂ ಕಟ್ಟಡದ ತಾರಸಿಯ ಮೋಟಾರು ಕೋಣೆಯಲ್ಲೋ, ಲಿಫ್ಟು ಓಡಾಡುವ ಕತ್ತಲೆ ಬಾವಿಯೊಳಗೋ ಇರುತ್ತಿದ್ದ. ಸಂಜೆ ಬಂದು ನಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತು, ಉಗುರಿನ ಸಂದಿಯ ಗ್ರೀಸನ್ನು ಹಳೇ ಬಟ್ಟೆಯಿಂದ ತೀಡಿ ತೀಡಿ ತೆಗೆಯುತ್ತಿದ್ದ. ಅಮ್ಮ ಅವನ ಅಕ್ಕ, ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು. "ಊರಿನೋರನ್ನೆಲ್ಲ ಮೇಲಕ್ಕೆ ಹತ್ತಿಸ್ತಾನೆ, ತಾನು ಮಾತ್ರ ಇದ್ದಲ್ಲೇ ಇದಾನೆ" ಎಂದು ಅವಳು ಗೊಣಗುತ್ತಿದ್ದಳು. ಮಾವ ನಕ್ಕು ಸುಮ್ಮನಾಗುತ್ತಿದ್ದ. ಮಾತೆಂದರೆ ಅವನಿಗೆ ಕೈಯಿಂದ ಬಿಡಿಗಾಸು ಜಾರಿದಷ್ಟು ಸಂಕಟ.

ಅತ್ತೆ ಬೇರೆ ರಾಜ್ಯದವಳು, ಭಾಷೆಯೂ ಬೇರೆ. ಅಲ್ಲಿನ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ಯಾವುದೋ ತರಬೇತಿಗೆಂದು ನಮ್ಮ ಊರಿಗೆ ಬಂದು ಕೆಲವು ತಿಂಗಳು ಇದ್ದಳು. ಅವಳಿದ್ದ ಹಾಸ್ಟೆಲಿನ ಲಿಫ್ಟು ಒಂದು ದಿನ ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಒಳಗಿದ್ದವಳು ಅವಳೊಬ್ಬಳೇ. ಮಾವ ಮೇಲಿನ ಬಾಗಿಲ ಸಂದಿಗೆ ಬಾಯಿಟ್ಟು, "ಹೆದರ್ಬೇಡಿ ಮೇಡಂ, ಗಾಳಿ ಬರುತ್ತೆ, ನಿಧಾನಕ್ಕೆ ಕೂತ್ಕೊಳ್ಳಿ, ಈಗ ತೆಗೀತೀವಿ" ಎಂದು ತನಗೆ ಗೊತ್ತಿದ್ದ ಸಮಾಧಾನವನ್ನೆಲ್ಲ ಹೇಳತೊಡಗಿದ. ಒಳಗಿನಿಂದ ಹರಕುಮುರಕು ಮಾತಿನಲ್ಲಿ ಉತ್ತರ ಬಂತು.

"ನನಗೆ ಹೆದರಿಕೆ ಇಲ್ಲ. ನೀವು ಬಾಯಿ ಕಮ್ಮಿ ಮಾಡಿ, ಕೈ ಜಾಸ್ತಿ ಮಾಡಿ."

ಮಾತು ಹೆಚ್ಚಾಯಿತೆಂದು ಮಾವ ಜನ್ಮದಲ್ಲಿ ಬೈಸಿಕೊಂಡದ್ದು ಅದೇ ಮೊದಲು. ಬಾಗಿಲು ತೆಗೆದಾಗ ಅವಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕಡಲೆಬೀಜ ತಿನ್ನುತ್ತಿದ್ದಳಂತೆ. ಎದ್ದವಳು ಅವನಿಗೂ ಒಂದು ಹಿಡಿ ಕೊಟ್ಟಳಂತೆ. ಆಮೇಲೆ ಆ ಹಾಸ್ಟೆಲಿನ ಲಿಫ್ಟಿಗೆ ಸರ್ವೀಸ್ ಬೇಕಾಗಿರಲಿ ಬಿಡಲಿ, ಮಾವ ವಾರಕ್ಕೊಮ್ಮೆ ನೋಡಿಕೊಂಡು ಬರತೊಡಗಿದ. ಅವಳು ವಿಧವೆ, ಶಾಲೆಗೆ ಹೋಗುವ ಮಗಳೊಬ್ಬಳಿದ್ದಾಳೆ ಎನ್ನುವುದು ಗೊತ್ತಾದ ಮೇಲೂ ಹೋದ. ತರಬೇತಿ ಮುಗಿಯುವ ಮುನ್ನ ನೋಂದಣಿ ಕಚೇರಿಯಲ್ಲಿ ಸಹಿ ಹಾಕಿ ಇಬ್ಬರೂ ಗಂಡಹೆಂಡಿರಾದರು. ಅದಾದ ವಾರಕ್ಕೆ ಅತ್ತೆ ರೈಲು ಹತ್ತಿ ತನ್ನ ರಾಜ್ಯಕ್ಕೆ ಹೊರಟುಹೋದಳು.

ಈಗ ಯಾರು ಯಾರ ಬಳಿಗೆ ಹೋಗಬೇಕು?

ಅಮ್ಮನಿಗೆ ಅದರಲ್ಲಿ ಪ್ರಶ್ನೆಯೇ ಇರಲಿಲ್ಲ. "ಅವಳು ಬರ್ತಾಳೆ. ಇನ್ನೇನು, ಗಂಡಸಾದೋನು ಬ್ಯಾಗು ಹಿಡ್ಕೊಂಡು ಹೆಂಡ್ತಿ ಊರಿಗೆ ಹೋಗ್ತಾನಾ?"

"ಅವಳದ್ದು ಸರ್ಕಾರಿ ಕೆಲಸ ಅಕ್ಕ. ಮಗಳ ಓದೂ ಅಲ್ಲೇ. ಎರಡನ್ನೂ ಬಿಡಿಸಿ ಕರ್ಕೊಂಡ್ಬಂದು ನಾನೇನು ಸಾಧಿಸ್ಲಿ?" ಎಂದ ಮಾವ. "ನಾನೇ ಹೋಗ್ತೀನಿ."

ಕಂಪನಿಯಲ್ಲಿ ಸುದ್ದಿ ಹಬ್ಬಿ ಗೆಳೆಯರು ರೇಗಿಸಿದರು. "ಏನಣ್ಣ, ಮನೆಅಳಿಯ ಆಗ್ತಿದೀಯಂತೆ?"

"ಅಲ್ಲಿ ಅತ್ತೆನೂ ಇಲ್ಲ, ಮಾವನೂ ಇಲ್ಲ. ಯಾರಿಗೆ ಅಳಿಯ ಆಗ್ಲೋ?" ಎಂದು ಮಾವ ಸ್ಪ್ಯಾನರಿಗೆ ಕೈ ಚಾಚಿದ.

ಇತ್ತ ಅತ್ತೆ ಫೋನಿನಲ್ಲಿ ಒಂದೇ ಸಮ ಕರೆಯುತ್ತಿದ್ದಳು. "ನಾಳೆನೇ ಬನ್ನಿ. ಕೆಲಸ ನಿಧಾನಕ್ಕೆ ಹುಡುಕಬಹುದು. ನನ್ನ ಸಂಬಳದಲ್ಲಿ ಮೂರು ತಟ್ಟೆ ತುಂಬುತ್ತೆ."

ಅದಕ್ಕೆ ಮಾತ್ರ ಮಾವ ಒಪ್ಪಲಿಲ್ಲ. "ಮೊದಲು ಕೆಲಸ, ಆಮೇಲೆ ಗಂಟುಮೂಟೆ" ಎಂದ. ಎಷ್ಟು ಸಲ ಕೇಳಿದರೂ ಅದೇ ಮಾತು.

ಇದೆಂಥ ಹಠ ಎಂದು ನನಗೆ ಸಿಟ್ಟು ಬಂದಿತ್ತು. ಅಮ್ಮನೇ ಒಂದು ಮಧ್ಯಾಹ್ನ ಒಣಗಿದ ಬಟ್ಟೆ ಮಡಚುತ್ತ ಹೇಳಿದಳು. ಅವರಪ್ಪ, ಅಂದರೆ ನನ್ನ ತಾತ, ಮರಗೆಲಸದವನು. ಯಾರೋ "ಬಾ, ಕೆಲಸ ಕಾದಿದೆ" ಅಂದರೆಂದು ಇದ್ದ ಮನೆ ಖಾಲಿ ಮಾಡಿ ಹೆಂಡತಿ ಮಕ್ಕಳ ಸಮೇತ ಬೇರೆ ಊರಿಗೆ ಹೋದ. ಹೋಗಿ ನೋಡಿದರೆ ಆ ಕೆಲಸ ಇನ್ನೊಬ್ಬನ ಪಾಲಾಗಿತ್ತು. ದೂರದ ಸಂಬಂಧಿಕರೊಬ್ಬರ ಹಜಾರದ ಮೂಲೆಯಲ್ಲಿ ಇಡೀ ಮಳೆಗಾಲ ಕಳೆದರು.

"ಇವನಿನ್ನೂ ಐದು ವರ್ಷದ ಮಗು. ಊಟಕ್ಕೆ ಕೂತ್ರೆ ಎರಡನೇ ಸಲ ಬಡಿಸ್ಕೊಳ್ತಿರ್ಲಿಲ್ಲ ಕಣೆ. ಹೊಟ್ಟೆ ತುಂಬ್ತು ಅನ್ನೋನು. ಯಾರೂ ಹೇಳಿಕೊಟ್ಟಿರ್ಲಿಲ್ಲ ಅವನಿಗೆ" ಎಂದಳು ಅಮ್ಮ. ಆಮೇಲೆ ಮಡಚಿದ್ದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಚಿದಳು.

ಆ ಹೊತ್ತಿಗೆ ನಾನು ಒಂದು ಮುದ್ರಣದ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಕೆಲಸದಲ್ಲಿದ್ದೆ. ಮಾವನ ಅರ್ಜಿಗಳನ್ನೆಲ್ಲ ಬೆರಳಚ್ಚು ಮಾಡಿ ಕಳಿಸುವ ಹೊಣೆ ನನ್ನ ತಲೆಗೆ ಬಂತು. ಆ ರಾಜ್ಯದಲ್ಲಿ ಲಿಫ್ಟು ಮಾಡುವ, ಕೂರಿಸುವ, ರಿಪೇರಿ ಮಾಡುವ ಕಂಪನಿಗಳನ್ನು ಹುಡುಕಿ ಹುಡುಕಿ ಬರೆದೆ. ಮಧ್ಯಾಹ್ನದ ಬಿಡುವಿನಲ್ಲಿ ಮಾವ ಮೋಟಾರು ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಅವರಿಗೆ ಫೋನು ಮಾಡುತ್ತಿದ್ದ. ಭಾಷೆಯನ್ನು ಅತ್ತೆಯಿಂದಲೇ ಕಲಿಯುತ್ತಿದ್ದ. ಮೇಲೆ, ಕೆಳಗೆ, ನಿಂತಿದೆ, ಕೈ ಇಡಬೇಡಿ: ಅವನು ಮೊದಲು ಕಲಿತ ಮಾತುಗಳಿವು. ಹಾಗಾಗಿ ಕೆಲಸ ಕೇಳುವಾಗಲೂ ಅವನ ಮಾತು ಎಚ್ಚರಿಕೆಯ ಫಲಕ ಓದಿದಂತೆ ಕೇಳುತ್ತಿತ್ತು.

ಬಂದ ಉತ್ತರಗಳೋ, ಎಲ್ಲ ಒಂದೇ ಅಚ್ಚಿನವು. ಈಗ ಎಲ್ಲಿದೀರಿ? ಅಷ್ಟು ದೂರದಲ್ಲಾ? ಹಾಗಾದ್ರೆ ಮೊದಲು ಇಲ್ಲಿಗೆ ಬಂದು ನೆಲೆಯಾಗಿ, ಆಮೇಲೆ ಮಾತಾಡೋಣ. ಮಾವನಿಗೆ ಕೆಲಸ ಸಿಗದೆ ಹೋಗುವಂತಿಲ್ಲ, ಅವನು ಹೋಗದೆ ಅವರು ಕೆಲಸ ಕೊಡುವಂತಿಲ್ಲ. "ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಅಂದ್ರಂತೆ" ಎಂದೆ ನಾನು. "ಮದುವೆ ಆಯ್ತಲ್ಲ, ಇನ್ನು ಹುಚ್ಚೊಂದೇ ಬಾಕಿ. ಮುಂದಿನ ನಂಬರ್ ಹೇಳು" ಎಂದ ಮಾವ.

ಒಬ್ಬ ಮ್ಯಾನೇಜರು ವಯಸ್ಸು ಕೇಳಿ, ಇಷ್ಟು ವರ್ಷ ಒಂದೇ ಕಡೆ ಇದ್ದವರು ಈಗೇಕೆ ಬಿಡುತ್ತೀರಿ ಎಂದನಂತೆ. "ನನ್ನ ಹೆಂಡತಿ ಅಲ್ಲಿದ್ದಾಳೆ" ಎಂದು ಮಾವ ಹೇಳಿದ್ದಕ್ಕೆ ಆ ಕಡೆ ನಕ್ಕದ್ದು ಕೇಳಿಸಿತಂತೆ. "ನಗಲಿ ಬಿಡು, ಸುಳ್ಳಂತೂ ಹೇಳ್ಲಿಲ್ವಲ್ಲ" ಎಂದು ಮಾವ ಆ ಹೆಸರಿನ ಮೇಲೆ ಗೀಟು ಎಳೆಸಿದ.

ಹೀಗಿರುವಾಗ ಒಂದು ಕಂಪನಿಯಿಂದ ತಾನಾಗಿಯೇ ಫೋನು ಬಂತು. ಸಂದರ್ಶನ ಗಿಂದರ್ಶನ ಏನೂ ಬೇಡ, ನಿಮ್ಮ ಅನುಭವವೇ ಸಾಕು, ಮುಂದಿನ ತಿಂಗಳೇ ಸೇರಿಕೊಳ್ಳಿ ಎಂದರು. ಪ್ರಮಾಣಪತ್ರಗಳ ಅಸಲು ಪ್ರತಿಗಳನ್ನು ಮೊದಲೇ ಅಂಚೆಯಲ್ಲಿ ಕಳಿಸಬೇಕಂತೆ, ಅಷ್ಟೇ. ಅಮ್ಮನ ಮುಖವೂ ಅರಳಿತು. ಮಾವ ಪ್ರಮಾಣಪತ್ರಗಳನ್ನು ಲಕೋಟೆಗೆ ತುಂಬಿದ. ರಾಜೀನಾಮೆ ಬರೆದುಕೊಡು ಎಂದು ನನಗೂ ಹೇಳಿದ.

"ಸ್ವಲ್ಪ ತಡೀರಿ, ನಾನೊಮ್ಮೆ ನೋಡ್ಕೊಂಡು ಬರ್ತೀನಿ" ಎಂದಳು ಅತ್ತೆ. ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಎರಡು ಬಸ್ಸು ಬದಲಿಸಿ ಆ ವಿಳಾಸ ಹುಡುಕಿಕೊಂಡು ಹೋದಳು. ಅಲ್ಲಿದ್ದದ್ದು ಒಂದು ಹೊಲಿಗೆ ಅಂಗಡಿಯ ಮೇಲಿನ ಬೀಗ ಹಾಕಿದ ಕೋಣೆ, ಬಾಗಿಲಿಗೆ ಅಂಟಿಸಿದ ಒಂದು ಕಾಗದದ ಫಲಕ. ಕೆಳಗಿನ ದರ್ಜಿ ತಲೆಯೆತ್ತದೆಯೇ, "ನೀವೂ ಅವರನ್ನೇ ಕೇಳ್ಕೊಂಡು ಬಂದ್ರಾ? ಈ ವಾರ ಬಂದೋರಲ್ಲಿ ನೀವೇ ಮೊದಲಲ್ಲ" ಎಂದನಂತೆ. ಮೂಗಿಗೆ ತುಪ್ಪ ಸವರಿ ಕರೆಯುವ ಜನ ಅವರು. ಕಾಗದಗಳನ್ನು ಹಿಡಿದಿಟ್ಟುಕೊಂಡು ಆಟ ಆಡಿಸಿ ದುಡ್ಡು ಕೀಳುತ್ತಿದ್ದರಂತೆ.

ಅತ್ತೆ ಫೋನು ಮಾಡಿದಾಗ ಮಾವ "ಹೂಂ" ಎಂದ. ಅಷ್ಟೇ. ಲಕೋಟೆಯಿಂದ ಕಾಗದಗಳನ್ನು ಒಂದೊಂದಾಗಿ ತೆಗೆದು, ಮಡಿಕೆಯನ್ನು ಅಂಗೈಯಿಂದ ಉಜ್ಜಿ ಉಜ್ಜಿ ನೇರ ಮಾಡಿದ. ಅವನ ಕಿವಿಯ ತುದಿ ಕೆಂಪಾಗಿತ್ತು. ಎರಡು ದಿನ ನಮ್ಮ ಮನೆ ಕಡೆ ಬರಲಿಲ್ಲ. ಮೂರನೆಯ ದಿನ ಬಂದು, "ರಜ ಹಾಕಿದೀನಿ. ಫೋನಲ್ಲಿ ಆಗೋ ಕೆಲಸ ಅಲ್ಲ ಇದು. ಅಲ್ಲಿಗೇ ಹೋಗಿ ಬಾಗಿಲು ತಟ್ತೀನಿ" ಎಂದ.

"ಹೋದೋನು ಅಲ್ಲೇ ಉಳ್ಕೊಂಡುಬಿಡು, ಎಷ್ಟು ಓಡಾಡ್ತೀಯಾ" ಎಂದಳು ಅಮ್ಮ. ಅವಳೇ ಹಾಗೆ ಹೇಳಿದ್ದು ನನಗೆ ಆಶ್ಚರ್ಯ.

"ಇಲ್ಲಕ್ಕ. ವಾಪಸ್ ಟಿಕೆಟ್ಟೂ ತಗೊಂಡಿದೀನಿ."

ಅತ್ತೆಯ ಮನೆಯಲ್ಲಿ ಮಾವ ಅತಿಥಿಯಂತೆಯೇ ಇದ್ದ. ಚೀಲವನ್ನು ಬಿಚ್ಚಿ ಬಟ್ಟೆಗಳನ್ನು ಬೀರುವಿನಲ್ಲಿಡಲಿಲ್ಲ. ಮಂಚದ ಕೆಳಗೆ ಇಟ್ಟುಕೊಂಡು ಬೇಕಾದ್ದನ್ನು ಎಳೆದುಕೊಳ್ಳುತ್ತಿದ್ದ. ಅತ್ತೆಯ ಮಗಳು ದೂರದಿಂದಲೇ ಇದನ್ನೆಲ್ಲ ಗಮನಿಸುತ್ತಿದ್ದಳು. ಮೂರನೆಯ ದಿನ ಕೇಳಿಯೇಬಿಟ್ಟಳು.

"ನೀವು ಇಲ್ಲೇ ಇರ್ತೀರಾ?"

"ಈ ಸಲ ಇಲ್ಲ. ಕೆಲಸ ಸಿಕ್ಕ ಮೇಲೆ ಇರ್ತೀನಿ."

"ಸಿಗದಿದ್ರೆ?"

"ಮತ್ತೆ ರಜ ಹಾಕಿ ಬರ್ತೀನಿ. ಸಿಗೋ ತನಕ."

ಹುಡುಗಿ ಸ್ವಲ್ಪ ಯೋಚಿಸಿ, ಬೀರುವಿನ ಒಂದು ಅಡ್ಡಹಲಗೆಯನ್ನು ಖಾಲಿ ಮಾಡಿಟ್ಟಳಂತೆ. ಮಾವ ಅದನ್ನು ನೋಡಿಯೂ ನೋಡದವನಂತೆ ಬೆಳಿಗ್ಗೆ ಶೂ ಕಟ್ಟಿಕೊಂಡು ಹೊರಟ.

ಹೋದ ಕಡೆಯೆಲ್ಲ ಹೊಸದೊಂದು ತೊಡಕು ಎದುರಾಯಿತು. ನಮ್ಮ ರಾಜ್ಯದ ಲೈಸೆನ್ಸು ಆ ರಾಜ್ಯದಲ್ಲಿ ನಡೆಯುವುದಿಲ್ಲ. ಅಲ್ಲಿನ ಪರೀಕ್ಷೆಯನ್ನು ಅಲ್ಲಿನ ಭಾಷೆಯಲ್ಲೇ ಬರೆದು ಪಾಸಾಗಬೇಕು. ಅಲ್ಲಿಯವರೆಗೆ ಎಷ್ಟು ದೊಡ್ಡ ಮೆಕ್ಯಾನಿಕ್ಕಾದರೂ ಸಹಾಯಕನೇ. ಒಂದೆರಡು ಕಡೆ ಇದನ್ನೇ ನೆಪ ಮಾಡಿ ಬಾಗಿಲು ತೋರಿಸಿದರು. ಒಂದು ಕಡೆ ಕಾವಲುಗಾರ ಒಳಗೇ ಬಿಡಲಿಲ್ಲ. ಕೊನೆಗೆ ಹೋದದ್ದು ರೈಲ್ವೆ ಹಳಿಯ ಪಕ್ಕದ ಒಂದು ಸಣ್ಣ ಕಂಪನಿಗೆ. ಕೆಳಗೆ ವರ್ಕ್‌ಶಾಪು, ಮೇಲೆ ಕಚೇರಿ. ರೈಲು ಹೋದಾಗಲೆಲ್ಲ ಕಿಟಕಿ ಗಡಗಡ ಅಲ್ಲಾಡುತ್ತಿತ್ತು. ಅಲ್ಲಿನ ಸೂಪರ್‌ವೈಸರು ನಡುವಯಸ್ಸಿನ ಹೆಂಗಸು. ಕಾಗದಗಳನ್ನು ನಿಧಾನವಾಗಿ ನೋಡಿ ಹೇಳಿದಳು:

"ಕೆಲಸ ಇದೆ. ಆದ್ರೆ ಸಹಾಯಕನ ಕೆಲಸ. ನಿಮಗಿಂತ ಚಿಕ್ಕವನ ಹಿಂದೆ ಚೀಲ ಹೊತ್ಕೊಂಡು ಹೋಗ್ಬೇಕು. ಇಷ್ಟು ವರ್ಷ ಮುಖ್ಯಸ್ಥ ಆಗಿದ್ದೋರು. ಆಗುತ್ತಾ?"

ಮಾವ ಒಂದು ರೈಲು ಹೋಗಿ ಕಿಟಕಿ ಸುಮ್ಮನಾಗುವವರೆಗೂ ಕೂತಿದ್ದ.

"ಆಗುತ್ತೆ. ಬರವಣಿಗೆಯಲ್ಲಿ ಕೊಡಿ."

"ಸೇರಿದ ಮೇಲೆ ಕೊಡೋದು ಇಲ್ಲಿನ ಪದ್ಧತಿ."

"ನಾನು ಅಲ್ಲಿ ಕೆಲಸ ಬಿಟ್ಟು ಬರ್ಬೇಕು ಮೇಡಂ. ಕಾಗದ ಇಲ್ಲದೆ ಬಿಡಲ್ಲ."

"ಮಾಲೀಕರು ಸಹಿ ಹಾಕ್ಬೇಕು. ಅವರು ಯಾವಾಗ ಬರ್ತಾರೋ ಗೊತ್ತಿಲ್ಲ."

"ಕಾಯ್ತೀನಿ."

ಮಾಲೀಕ ಮಧ್ಯಾಹ್ನವಾದರೂ ಬರಲಿಲ್ಲ. ಮಾವ ಮೆಟ್ಟಿಲ ಬುಡದ ಬೆಂಚಿನಲ್ಲಿ ಕೂತೇ ಇದ್ದ. ವರ್ಕ್‌ಶಾಪಿನವರು ಮೊದಲು ಅವನನ್ನು ಗಿರಾಕಿಯೆಂದುಕೊಂಡರು, ಆಮೇಲೆ ಸಾಲ ವಸೂಲಿಗೆ ಬಂದವನೆಂದುಕೊಂಡರು. ಸೂಪರ್‌ವೈಸರು ಇಳಿದು ಬಂದಾಗಲೆಲ್ಲ ಮಾವ ಎದ್ದು ನಿಂತು, ಅವಳು ಹೋದ ಮೇಲೆ ಕೂರುತ್ತಿದ್ದ. ನಾಲ್ಕನೆಯ ಸಲಕ್ಕೆ ಅವಳಿಗೇ ನಗು ತಡೆಯಲಾಗಲಿಲ್ಲ. "ನೀವು ನನ್ನ ಅಪ್ಪನಿಗಿಂತ ಹಠಮಾರಿ" ಎಂದು, ತಾನೇ ಕಾಗದ ತಯಾರಿಸಿ, ಮಾಲೀಕನ ಮನೆಗೆ ಆಳು ಕಳಿಸಿ ಸಹಿ ತರಿಸಿಕೊಟ್ಟಳು.

ಸುದ್ದಿ ಕೇಳಿ ಅಮ್ಮ ಹಿಗ್ಗಲಿಲ್ಲ. ಮಾವ ವಾಪಸು ಬಂದಾಗ ಕಾಗದವನ್ನು ನನ್ನಿಂದ ಎರಡು ಸಲ ಓದಿಸಿದಳು.

"ಕುದುರೆ ಇಳಿದು ಕತ್ತೆ ಹತ್ತಿದ ಹಾಗಾಯ್ತಲ್ಲೋ. ಇನ್ನೊಬ್ಬನ ಚೀಲ ಹೊರ್ತೀಯಾ ಈ ವಯಸ್ಸಲ್ಲಿ?"

"ಚೀಲದಲ್ಲಿರೋ ಸಾಮಾನು ಅದೇ ಅಕ್ಕ. ಇಷ್ಟು ದಿನ ಬೇರೆಯೋರು ಹೊರ್ತಿದ್ರು, ಈಗ ನಾನು. ಅಲ್ಲಿ ಎರಡನೇ ಸಲ ಬಡಿಸ್ಕೊಂಡು ಉಣ್ಬೇಕು ನಾನು."

ಅಮ್ಮ ಒಳಗೆ ಹೋಗಿ ಅವನಿಗೊಂದು ದಪ್ಪ ಹೊದಿಕೆ ತೆಗೆದಿಟ್ಟಳು; ಅಲ್ಲಿ ಚಳಿ ಜಾಸ್ತಿ ಎಂದು ಯಾರೋ ಹೇಳಿದ್ದರು.

ಹೋದ ಮೇಲೆ ಎಲ್ಲ ಸಲೀಸಾಯಿತೆಂದರೆ ಸುಳ್ಳಾದೀತು. ಅವನ ಮೇಲಿನ ಮೆಕ್ಯಾನಿಕ್ಕಿಗೆ ಮೂವತ್ತರ ಆಸುಪಾಸು. "ಹಿರಿಯರೇ, ಹಿರಿಯರೇ" ಎಂದು ಬಾಯಿ ತುಂಬ ಮರ್ಯಾದೆ ಕೊಟ್ಟು, ಭಾರದ ಚೀಲವನ್ನೇ ಮಾವನ ಹೆಗಲಿಗೇರಿಸುತ್ತಿದ್ದನಂತೆ. ಮೊದಲ ಸಲ ಪರೀಕ್ಷೆಯಲ್ಲಿ ಮಾವ ಫೇಲಾದ. ಗೊತ್ತಿದ್ದ ಉತ್ತರವನ್ನು ಬರೆಯಲು ಅಕ್ಷರ ಸಾಲಲಿಲ್ಲ. ಅತ್ತೆಯ ಮಗಳು ತನ್ನ ಹಳೆಯ ಶಾಲಾ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ, ಒಂದನೇ ಕ್ಲಾಸಿನಿಂದ ಶುರುಮಾಡಿ ಅವನಿಗೆ ಪಾಠ ಹೇಳಿದಳು. ತಪ್ಪು ಮಾಡಿದರೆ ಹತ್ತು ಸಲ ಬರೆಸುತ್ತಿದ್ದಳಂತೆ. ಮುಂದಿನ ವರ್ಷ ಅವನು ಪಾಸಾದ. ಫೋನಿನಲ್ಲಿ ನನಗೆ ಹೇಳಿದ್ದು ಮಾತ್ರ, "ಮೇಷ್ಟ್ರಮ್ಮ ಪಾಸು ಮಾಡಿಸಿದ್ಲು."

ಅದಾದ ಮೇಲೆ ಅಮ್ಮನೂ ನಾನೂ ಅಲ್ಲಿಗೆ ಹೋಗಿದ್ದೆವು. ಅವರ ಮನೆ ಮೂರನೆಯ ಮಹಡಿಯಲ್ಲಿ. ಹಳೇ ಕಟ್ಟಡ, ಲಿಫ್ಟಿಲ್ಲ. ಅಮ್ಮ ಮಂಡಿ ಹಿಡಿದುಕೊಂಡು, ಪ್ರತಿ ತಿರುವಿನಲ್ಲೂ ನಿಂತು ಉಸಿರು ತಗೊಂಡು, ತಮ್ಮನನ್ನು ಬೈಯುತ್ತಲೇ ಹತ್ತಿದಳು. ಮಾವ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಸಂಜೆ ಅವನು ಬಂದು, ಬಾಗಿಲಲ್ಲಿ ಶೂ ಬಿಚ್ಚಿ, ನಮ್ಮನ್ನು ನೋಡಿ ನಕ್ಕು, ನೇರ ಅಡುಗೆಮನೆಗೆ ಹೋಗಿ ಪಾತ್ರೆಯ ಮುಚ್ಚಳ ತೆಗೆದು ನೋಡಿದ. "ಕೈ ತೊಳ್ಕೊಳ್ಳಿ ಮೊದಲು!" ಎಂದು ಒಳಗಿನಿಂದ ಅತ್ತೆಯೂ ಮಗಳೂ ಒಟ್ಟಿಗೇ ಕೂಗಿದರು.

ಅಮ್ಮ ನನ್ನ ಮೊಣಕೈ ತಿವಿದಳು. "ನೋಡೇ, ಹೇಗೆ ಬೈಸ್ಕೊಳ್ತಿದಾನೆ" ಎಂದಳು, ಮುಖ ತುಂಬ ನಗುತ್ತ.