ಮುರಿದ ಸೂಜಿಯ ಇನ್ನರ್ಧ

೧೯೯೩ರಲ್ಲಿ ನಾನು ಶಾಲೆ ಬಿಟ್ಟೆ. ಆಗ ಆರನೇ ಕ್ಲಾಸು. ಅಪ್ಪನಿಗೆ ದಮ್ಮಿನ ರೋಗ, ಮನೆಗೆ ನಾನೇ ಹಿರಿಯ ಮಗ. ಬಳ್ಳಾರಿಯ ಕೌಲ್ ಬಜಾರಿನ ಒಂದು ಕಾರ್ಖಾನೆಯಲ್ಲಿ ಪ್ಯಾಂಟಿಗೆ ಗುಂಡಿ ಹಚ್ಚುವುದರಿಂದ ಶುರುಮಾಡಿದೆ. ಇವತ್ತು ಅದೇ ಓಣಿಯಲ್ಲಿ ಎಂಟು ಮಷಿನ್ನಿನ ನನ್ನದೇ ಜೀನ್ಸ್ ಕಾರ್ಖಾನೆ ಇದೆ. ಇಷ್ಟನ್ನು ಹೆಮ್ಮೆಯಿಂದಲೇ ಬರೆಯುತ್ತೇನೆ. ಮುಂದೆ ಬರೆಯುವುದರಲ್ಲಿ ಹೆಮ್ಮೆಪಡುವಂಥದ್ದು ಹೆಚ್ಚಿಲ್ಲ.

ನನ್ನ ಕಾರ್ಖಾನೆಯಲ್ಲಿ ಎರಡು ಕಟ್ಟಳೆ ಇದ್ದವು. ಬಟ್ಟೆ ನೆಲದ ಮೇಲೆ ಹರಡಿರುತ್ತದೆ, ಚಪ್ಪಲಿ ಬಾಗಿಲ ಹೊರಗೇ ಬಿಡಬೇಕು, ನಾನಾದರೂ ಅಷ್ಟೇ. ಜೀನ್ಸ್ ದಪ್ಪ ಬಟ್ಟೆ, ಸೂಜಿ ಆಗಾಗ ಮುರಿಯುತ್ತದೆ. ಮುರಿದ ಸೂಜಿಯ ಎರಡೂ ತುಂಡು ನನ್ನ ಕೈಗೆ ಬಂದ ಮೇಲೆಯೇ ಹೊಸ ಸೂಜಿ. ಒಂದು ತುಂಡು ಹೊಲಿಗೆಯಲ್ಲಿ ಉಳಿದರೂ ಹಾಕಿಕೊಂಡವನ ತೊಡೆಗೆ ಚುಚ್ಚುತ್ತದೆ.

ಹೋದ ಬೇಸಿಗೆಯಲ್ಲಿ ಒಂದು ದಿನ ಹುಲುಗಪ್ಪ ಅರ್ಧ ಸೂಜಿ ಹಿಡಿದು ಬಂದ. ಕುಡತಿನಿಯಿಂದ ದಿನಾ ಬಸ್ಸಿಗೆ ಬರುವ ಕೆಲಸಗಾರ, ಹನ್ನೆರಡು ವರ್ಷದಿಂದ ನನ್ನ ಜೊತೆಗಿದ್ದ.

"ಇನ್ನರ್ಧ ಎಲ್ಲೈತಿ?"

"ಸಿಗವಲ್ದು ಮೇಸ್ತ್ರಿ. ಆಯಸ್ಕಾಂತ ಹಿಡದು ನೆಲಾ ಎಲ್ಲಾ ಎಳದೀನಿ."

"ಮತ್ತ ನುಂಗಿಯೇನು? ಇವತ್ತ ಹೊಲಿದ ಪ್ಯಾಂಟು ಎಲ್ಲಾ ಸವರಿ ನೋಡು."

ಒಂದೊಂದೇ ಪ್ಯಾಂಟು ಎತ್ತಿ, ಹೊಲಿಗೆ ಹೊಲಿಗೆ ಒತ್ತಿ ನೋಡಿದ. ಸಿಗಲಿಲ್ಲ. ನಾನು ಎಲ್ಲರ ಮುಂದೆ ಅಂದೆ, "ಸುಳ್ಳು ಹೇಳೋರಿಗೆ ನನ್ನ ಕಡೆ ಮಷಿನ್ ಇಲ್ಲ." ಅವನು ಅರ್ಧ ಸೂಜಿಯನ್ನು ಕಾಗದದಲ್ಲಿ ಮಡಿಚಿ ಜೇಬಿಗೆ ಹಾಕಿಕೊಂಡು ಹೋದ. ಮರುದಿನ ಬರಲಿಲ್ಲ.

ಅದಾಗಿ ಎರಡನೇ ಶುಕ್ರವಾರ ಮಸೀದಿಯಲ್ಲಿ ವಜೂ ಮಾಡಲು, ನಮಾಜಿಗೆ ಮುಂಚೆ ಕೈಕಾಲು ತೊಳೆಯಲು, ಕೂತಿದ್ದೆ. ಹಿಂದಿನ ವಾರ ಅವಸರದಲ್ಲಿ ಕಾಲನ್ನು ನಲ್ಲಿ ಕೆಳಗೆ ಹಿಡಿದು ಓಡಿದ್ದೆ. ಈ ಸಲ ಬೆರಳ ಸಂದಿಗೆ ಕೈ ಹಾಕಿದೆ. ಕೈಗೆ ಅಂಟು ಹತ್ತಿತು. ಪಕ್ಕದಲ್ಲಿ ಕೂತಿದ್ದ ಮುದುಕರು ಮೂಗು ಮುಚ್ಚಿಕೊಂಡರು.

"ಕಾಲಿಗೆ ಏನಾಗೇತಿ ಭಾಯ್?"

"ಏನಿಲ್ರಿ. ನೋವೇ ಇಲ್ಲ."

"ನೋವಿಲ್ಲಂದ್ರ ಇನ್ನೂ ಲಗೂನ ತೋರಿಸ್ರಿ."

ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದರು. ಬಲಗಾಲ ಕಿರುಬೆರಳ ಬುಡದಲ್ಲಿ ಒಂದು ಬಿಳಿ ಗೆರೆ. ನೇರ. ತುದಿ ಚೂಪು. ನನಗೆ ಎಕ್ಸ್‌ರೇ ಓದಲು ಬರುವುದಿಲ್ಲ. ಜೀನ್ಸ್ ಹೊಲಿಯುವ ಹದಿನೆಂಟು ನಂಬರಿನ ಸೂಜಿ ಗುರುತಿಸಲು ಬರುತ್ತದೆ.

ಹುಲುಗಪ್ಪ ಸುಳ್ಳು ಹೇಳಿರಲಿಲ್ಲ.

"ಚುಚ್ಚಿದಾಗ ಗೊತ್ತಾಗ್ಲಿಲ್ಲೇನ್ರಿ?" ಡಾಕ್ಟರು ಕೇಳಿದರು.

"ಇಲ್ರಿ."

"ಶುಗರ್ ಎಷ್ಟು ವರ್ಷದಿಂದ ಐತಿ?"

"ನನಗ ಶುಗರ್ ಇಲ್ರಿ."

ಅವರು ಸಿಸ್ಟರ್ ಮುಖ ನೋಡಿದರು. ಸಿಸ್ಟರ್ ನನ್ನ ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಸಣ್ಣ ಮಷಿನ್ನಿಗೆ ಕೊಟ್ಟಳು. ಅಂಕಿ ಬರಲಿಲ್ಲ. ಇಂಗ್ಲಿಷಿನ ಎರಡು ಅಕ್ಷರ ಬಂದವು.

"ಎಷ್ಟೈತವ್ವಾ?"

"ಈ ಮಷಿನ್ ಎಣಸೋದ್ಕಿಂತ ಮ್ಯಾಲೈತ್ರಿ."

ಯೋಚಿಸಿದರೆ ದೇಹ ಎಲ್ಲವನ್ನೂ ಮೊದಲೇ ಹೇಳಿತ್ತು. ಬಾಯಾರಿಕೆಯನ್ನು ಬಳ್ಳಾರಿ ಬಿಸಿಲಿನ ಮೇಲೆ ಹಾಕಿದೆ. ಅಂಗಾಲ ಕೆಳಗೆ ಅರಳೆ ಹಾಸಿದಂತೆ ಆಗುತ್ತಿದ್ದುದನ್ನು ಮಷಿನ್ನಿನ ಪೆಡಲ್ಲಿನ ಮೇಲೆ ಹಾಕಿದೆ. ದಿನಕ್ಕೆ ಏಳು ಚಹಾ, ಸಂಜೆ ನಾಲ್ಕಕ್ಕೆ ಎಲ್ಲರಿಗೂ ಒಗ್ಗರಣೆ ಮಂಡಕ್ಕಿ, ಮಿರ್ಚಿ, ಒಂದು ದೊಡ್ಡ ಬಾಟಲಿ ತಂಪು ಪಾನೀಯ. ಮನೆಗೆ ಬರಿಗೈಯಲ್ಲಿ ಹೋದರೆ ಅವಮಾನ ಎನ್ನುವಂತೆ ದಿನಾ ಬೇಕರಿಯ ಪೊಟ್ಟಣ. ಮನೆಯಿಂದ ಕಾರ್ಖಾನೆಗೆ ಇನ್ನೂರು ಹೆಜ್ಜೆ. ಅದಕ್ಕೂ ಬೈಕು. ನಡೆದು ಹೋಗುವವನು ಕೂಲಿ, ಬೈಕಿನಲ್ಲಿ ಹೋಗುವವನು ಮಾಲೀಕ ಎಂದು ನಾನೇ ಲೆಕ್ಕ ಹಾಕಿಕೊಂಡಿದ್ದೆ.

ಅನ್ನದ ವಿಷಯ ಬೇರೆ. ನನ್ನ ಹೆಂಡತಿ ರಜಿಯಾಳ ತವರು ಸಿರುಗುಪ್ಪದ ಹತ್ತಿರದ ಕರೂರು. ಮಾವನವರು ಸುಗ್ಗಿಯಾದ ಮೇಲೆ ಮಿಲ್ಲಿನಲ್ಲಿ ಎರಡೆರಡು ಸಲ ಪಾಲಿಶ್ ಮಾಡಿಸಿ ಅಕ್ಕಿ ಕಳಿಸುತ್ತಾರೆ. ಮಲ್ಲಿಗೆಯಂಥ ಅಕ್ಕಿ. ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಮೂರು ಹೊತ್ತೂ ಜೋಳ, ಹಬ್ಬಕ್ಕೆ ಮಾತ್ರ ಅನ್ನ. ಮದುವೆಯಾದ ವಾರದಲ್ಲೇ ರಜಿಯಾಳಿಗೆ ಹೇಳಿದ್ದೆ, ಜೋಳದ ಹಿಟ್ಟು ನನ್ನ ಹೊಸಿಲು ದಾಟಬಾರದು ಎಂದು. ಇಪ್ಪತ್ತು ವರ್ಷ ದಾಟಲಿಲ್ಲ.

ಸೂಜಿ ತೆಗೆದರು. ಒಂದು ಪುಟ್ಟ ಶೀಸೆಯಲ್ಲಿ ಹಾಕಿ ನನಗೇ ಕೊಟ್ಟರು. ಮೂರನೇ ದಿನಕ್ಕೆ ಕಿರುಬೆರಳು ಕಪ್ಪಾಯಿತು.

"ಬೆರಳು ತೆಗೀಲೇಬೇಕು," ಡಾಕ್ಟರು ಅಂದರು. "ಅಷ್ಟಕ್ಕೇ ನಿಂತ್ರ ಒಳ್ಳೇದು."

"ನಿಲ್ಲಲಿಲ್ಲಂದ್ರ?"

ಅವರು ಪೆನ್ನು ತೆಗೆದು ನನ್ನ ಕಣಕಾಲಿನ ಕೆಳಗೆ ಸುತ್ತಲೂ ಒಂದು ಗೆರೆ ಎಳೆದರು. ಪಾದದ ಕೆಂಪು ಆ ಗೆರೆ ದಾಟಬಾರದು ಎಂದರು. ಮೂವತ್ತು ವರ್ಷ ನಾನು ಬಟ್ಟೆಯ ಮೇಲೆ ಗೆರೆ ಎಳೆದವನು. ಗೆರೆ ಯಾಕೆ ಎಳೆಯುತ್ತಾರೆ, ಆಮೇಲೆ ಏನು ಬರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಪೆಡಲ್ ಒತ್ತುವ ಕಾಲು ಅದು.

ಬೆರಳು ತೆಗೆದ ಮೇಲೂ ಗೆರೆ ಹಾಗೇ ಇತ್ತು. ಬೆಳಿಗ್ಗೆ ಡ್ರೆಸ್ಸಿಂಗ್, ಇನ್ಸುಲಿನ್, ಮತ್ತೆ ಗೆರೆ ನೋಡುವುದು. ಐದನೇ ದಿನ ಪಾದದ ಕೆಂಪು ಆ ಗೆರೆಯಿಂದ ಒಂದು ಬೆರಳಗಲ ದೂರದಲ್ಲಿತ್ತು. ಆರನೇ ದಿನ ಅರ್ಧ ಬೆರಳಗಲ. ರಜಿಯಾ ನೋಡಿ ಚಾದರ ಎಳೆದಳು.

ಅದೇ ದಿನ ಮಧ್ಯಾಹ್ನ ವಾರ್ಡಿನ ಬಾಗಿಲಲ್ಲಿ ಹುಲುಗಪ್ಪ ನಿಂತಿದ್ದ. ಕೈಯಲ್ಲಿ ಬಟ್ಟೆಯ ಗಂಟು.

"ಸಿಕ್ತಂತಲ್ಲ ಮೇಸ್ತ್ರಿ, ಸೂಜಿ."

"ಸಿಕ್ತಲೇ."

ಅವನು ಜೇಬಿನಿಂದ ಕಾಗದದ ಮಡಿಕೆ ತೆಗೆದು ಬಿಚ್ಚಿದ. ಅವನ ಅರ್ಧ. ನಾನು ಶೀಸೆಯಿಂದ ನನ್ನ ಅರ್ಧ ತೆಗೆದೆ. ಜೋಡಿಸಿದರೆ ಸರಿಯಾಗಿ ಕೂತವು.

"ಎರಡೂ ಬಂದ್ವು," ಅಂದ. "ಹೊಸಾ ಸೂಜಿ ಕೊಡ್ರಿ ಇನ್ನ."

ತಪ್ಪಾಯಿತು ಎಂದು ಹೇಳಲು ಬಾಯಿ ತೆರೆದೆ. ನನಗೆ ಆ ಮಾತಿನ ರೂಢಿ ಇಲ್ಲ. ತಡವಾಯಿತು, ಆದರೂ ಹೇಳಿದೆ. ಅವನು ಗಂಟು ಬಿಚ್ಚಿದ. ಜೋಳದ ರೊಟ್ಟಿ, ಪುಂಡಿ ಸೊಪ್ಪಿನ ಪಲ್ಯ.

"ಇದನ್ನೇ ತಿನ್ನಾಕ ಹೇಳ್ಯಾರ ಸಿಸ್ಟರ್," ರಜಿಯಾ ಅಂದಳು. "ಅದೂ ಎರಡ, ಪಲ್ಯ ಜಾಸ್ತಿ. ಆದ್ರ ಜೋಳ ಹೊಸಿಲು ದಾಟಬಾರ್ದಲ್ಲ, ಏನ್ ಮಾಡೋದು?"

"ಇದು ಆಸ್ಪತ್ರಿ. ನಮ್ಮ ಹೊಸಿಲಲ್ಲ," ಅಂದೆ. ತಿಂದೆ.

ಏಳನೇ ದಿನ ಕೆಂಪು ಅಲ್ಲೇ ನಿಂತಿತ್ತು. ಎಂಟನೇ ದಿನ ಹಿಂದೆ ಸರಿದಿತ್ತು. ಡಾಕ್ಟರು ಸ್ಪಿರಿಟ್ಟಿನಿಂದ ಗೆರೆ ಒರೆಸಿದರು. ಪೂರ್ತಿ ಹೋಗಲಿಲ್ಲ.

ಮನೆಗೆ ಕಳಿಸುವ ಮುಂಚೆ ಮನೆಯವರಿಗೂ ಶುಗರ್ ನೋಡಿಸಿ ಎಂದರು. ಮಗಳು ಸಾನಿಯಾಳದು ಸರಿಯಿತ್ತು. ರಜಿಯಾಳದು ಅಂಚಿನಲ್ಲಿತ್ತು. ಈಗ ಹಿಡಿದರೆ ಬರಿ ಊಟ, ನಡಿಗೆಯಲ್ಲೇ ತಡೆಯಬಹುದು ಎಂದರು. ಸೂಜಿ ನನಗೊಬ್ಬನಿಗೆ ಚುಚ್ಚಿತ್ತು. ಮಲ್ಲಿಗೆಯಂಥ ಅಕ್ಕಿ, ಬೇಕರಿ ಪೊಟ್ಟಣ ಎಲ್ಲರ ತಟ್ಟೆಗೂ ನಾನೇ ತಂದು ಹಾಕಿದ್ದೆ. ಆವತ್ತು ಹುಟ್ಟಿದ ಅಂಜಿಕೆ ಇನ್ನೂ ಹೋಗಿಲ್ಲ.

ಈಗ ಸಂತೆ ಮಾಡಲು ಮೂವರೂ ಹೋಗುತ್ತೇವೆ. ಹೊಟ್ಟೆ ತುಂಬಿಸಿಕೊಂಡು ಹೋಗುತ್ತೇವೆ, ಹಸಿದು ಹೋದರೆ ಕೈ ಬೇಕರಿ ಕಡೆ ಹೋಗುತ್ತದೆ. ಮೊದಲು ಹೀರೇಕಾಯಿ, ಸೊಪ್ಪು, ಹೆಸರುಕಾಳು. ಪೊಟ್ಟಣದ ಹಿಂದಿನ ಸಣ್ಣ ಇಂಗ್ಲಿಷು ನನಗೆ ಓದಲು ಬರುವುದಿಲ್ಲ, ಸಾನಿಯಾ ಓದುತ್ತಾಳೆ. ಒಂದು ಸಲ ಗೋಧಿ ತೆನೆಯ ಚಿತ್ರ ನೋಡಿ ನಾನೊಂದು ಬಿಸ್ಕೆಟ್ ಪೊಟ್ಟಣ ಎತ್ತಿಕೊಂಡೆ. ಸಾನಿಯಾ ಅದನ್ನು ಹಿಂದೆ ತಿರುಗಿಸಿ ಓದಿದಳು.

"ಅಬ್ಬಾ, ಮೊದಲ ಬರೆದಿದ್ದು ಎಲ್ಲಾದಕ್ಕಿಂತ ಜಾಸ್ತಿ ಇರತೈತಿ. ಇದ್ರಾಗ ಮೊದಲು ಮೈದಾ, ಆಮ್ಯಾಲ ಸಕ್ರಿ. ಗೋಧಿ ಬರೇ ಚಿತ್ರದಾಗ ಐತಿ."

ಕುರುಗೋಡಿನಲ್ಲಿ ತಂಗಿಯ ಮಗಳ ಮದುವೆಗೆ ಹೋದಾಗ ನಾನು ಬಿರಿಯಾನಿ ಸ್ವಲ್ಪ, ಸೌತೆಕಾಯಿ ಜಾಸ್ತಿ ಹಾಕಿಸಿಕೊಂಡೆ. ತಂಗಿಯ ಗಂಡ ನಕ್ಕ.

"ಏನ್ ಭಾವಾ, ಆಡಿನಂಗ ಮೇಯಾಕತ್ತೀರಿ?"

"ಆಡಿಗೆ ನಾಕು ಕಾಲು ಅದಾವಪ್ಪ. ನನಗ ಇರಾವ ಎರಡು."

ಅವನು ಆಮೇಲೆ ನಗಲಿಲ್ಲ. ಅವನ ತಟ್ಟೆಯಲ್ಲಿ ಮೂರು ಜಿಲೇಬಿ ಇದ್ದವು.

ಗಾಯ ಮಾಯುವವರೆಗೆ ಕುರ್ಚಿಯಲ್ಲೇ ಕೂತು ಕೈಕಾಲು ಆಡಿಸುತ್ತಿದ್ದೆ. ಡಾಕ್ಟರು ಒಪ್ಪಿದ ಮೇಲಿಂದ ಬೂಟು ಹಾಕಿಕೊಂಡು, ರಜಿಯಾಳ ಜೊತೆ ಬೆಳಿಗ್ಗೆ ನಡೆಯುತ್ತೇನೆ. ಚಪ್ಪಲಿಯ ಕಟ್ಟಳೆ ತೆಗೆದುಹಾಕಿದೆ. ಈಗ ಕಾರ್ಖಾನೆಯಲ್ಲಿ ಯಾರೂ ಬರಿಗಾಲಲ್ಲಿ ಇರುವಂತಿಲ್ಲ. ಸೂಜಿಯ ಕಟ್ಟಳೆ ಹಾಗೇ ಇದೆ. ಸಂಜೆ ನಾಲ್ಕಕ್ಕೆ ಬೇಯಿಸಿದ ಕಡಲೆ ಬರುತ್ತದೆ. ಮೊದಮೊದಲು ಎಲ್ಲರೂ ಗೊಣಗಿದರು.

ನನಗೆ ಅಂಗಾಲು ಇನ್ನೂ ಏನೂ ಹೇಳುವುದಿಲ್ಲ. ಅದಕ್ಕೇ ದಿನಾ ರಜಿಯಾ ನನ್ನ ಪಾದ ಎತ್ತಿ, ಬೆಳಕಿಗೆ ತಿರುಗಿಸಿ, ಬೆರಳು ಬೆರಳ ನಡುವೆ ನೋಡುತ್ತಾಳೆ. ನಾನು ಅವಳ ಮುಖ ನೋಡುತ್ತೇನೆ.

ಈಗ ಇರುವುದು ಇಷ್ಟು. ಎಂಟು ಮಷಿನ್ನು, ಎಂಟನೆಯದರ ಮೇಲೆ ಹುಲುಗಪ್ಪ. ಶೀಸೆಯಲ್ಲಿ ಎರಡು ತುಂಡಿನ ಒಂದು ಸೂಜಿ. ಎರಡು ಕಾಲು. ಒಂಬತ್ತು ಬೆರಳು.