ಬಲಗಡೆ ಬಿದ್ದ ಚೆಂಡುಹೂ

ಹೋದ ವಾರ ಚಾಮರಾಜನಗರದ ಒಂದು ಕಲ್ಯಾಣ ಮಂಟಪದಲ್ಲಿ ಊಟಕ್ಕೆ ಕಾಯುತ್ತಾ ನಿಂತಿದ್ದೆ. ಕಾಯುತ್ತಾ ಎಂದರೆ ಮರ್ಯಾದೆಯ ಮಾತಾಯಿತು. ಉಣ್ಣುತ್ತಿದ್ದವರೊಬ್ಬರ ಕುರ್ಚಿಯ ಬೆನ್ನು ಹಿಡಿದುಕೊಂಡು, ಅವರು ಯಾವಾಗ ಮಜ್ಜಿಗೆ ಕುಡಿದು ಏಳುತ್ತಾರೋ ಎಂದು ಅವರ ಗಂಟಲನ್ನೇ ನೋಡುತ್ತಾ ನಿಂತಿದ್ದೆ. ನೀವೂ ಹಾಗೆ ನಿಂತಿರುತ್ತೀರಿ, ನನ್ನ ಮುಂದೆ ನಾಚಿಕೆ ಬೇಡ. ಆಗ ಹಿಂದಿನ ಬಾಗಿಲಿನಿಂದ ಒಂದು ವಾಸನೆ ಬಂತು. ಸಾಸಿವೆ, ಇಂಗು, ಕರಿಬೇವು ಎಲ್ಲರೂ ಹಾಕುತ್ತಾರೆ. ಸಾರನ್ನು ಒಲೆಯಿಂದ ಇಳಿಸಿದ ಮೇಲೆ ಒಂದು ಹಿಡಿ ಕೊತ್ತಂಬರಿ ಬೀಜವನ್ನು ಹುರಿಯದೆ ಹಸಿಯಾಗಿಯೇ ಜಜ್ಜಿ ಮೇಲೆ ಉದುರಿಸುವ ಮನುಷ್ಯನನ್ನು ಮಾತ್ರ ನಾನು ಒಬ್ಬನನ್ನೇ ಕಂಡಿದ್ದೇನೆ. ಕುರ್ಚಿ ಬಿಟ್ಟುಕೊಟ್ಟು ಅಡುಗೆಮನೆಯ ಕಡೆ ಹೊರಟೆ. ಮದುವೆ ಮನೆಯಲ್ಲಿ ಹಿಡಿದ ಕುರ್ಚಿ ಬಿಟ್ಟವನು ಇನ್ನೇನನ್ನಾದರೂ ಬಿಟ್ಟಾನು ಎಂದು ನೀವು ಅಂದುಕೊಂಡರೆ ತಪ್ಪು. ನಾನು ಏನನ್ನೂ ಸುಲಭಕ್ಕೆ ಬಿಟ್ಟವನಲ್ಲ, ಒಂದರ ಹೊರತು. ಅದರ ಕಥೆ ಇದು.

ಹದಿನೈದು ವರ್ಷದ ಹಿಂದೆ ನಾನು ಚಾಮರಾಜನಗರದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಓದುತ್ತಿದ್ದೆ ಎಂದು ಭೀಮನಬೀಡಿನ ನಮ್ಮ ಮನೆಯಲ್ಲಿ ನಂಬಿದ್ದರು. ಲಗ್ನದ ದಿನಗಳಲ್ಲಿ ನಾನು ಕಾಲೇಜಿನ ಬೆಂಚಿನ ಮೇಲೆ ಇರುತ್ತಿದ್ದುದಕ್ಕಿಂತ ಹೆಚ್ಚಾಗಿ ಗುರುಪಾದಣ್ಣನ ಒಲೆಯ ಮುಂದೆ ಇರುತ್ತಿದ್ದೆ. ಗುರುಪಾದಣ್ಣ ಮದುವೆ ಅಡುಗೆಯವನು. ಎಂಟು ಜನರ ಗುಂಪು ಕಟ್ಟಿಕೊಂಡು ಊರೂರು ಸುತ್ತುತ್ತಿದ್ದ. ಮೊದಲ ಸಲ ನಾನು ಹೋಗಿದ್ದು ಪುಕ್ಕಟೆ ಊಟಕ್ಕೆ. ಎರಡನೇ ಸಲ ಹೋಗಿದ್ದು ಆ ಮನುಷ್ಯನನ್ನು ನೋಡುವುದಕ್ಕೆ. ಅವನು ಅಡುಗೆಯನ್ನು ರುಚಿ ನೋಡುತ್ತಿರಲಿಲ್ಲ. ದೇವರ ಎಡೆಗೆ ಇಡುವ ಮೊದಲು ಎಂಜಲು ಮಾಡಬಾರದಂತೆ. ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ಮೂಸಿ ಹೇಳುತ್ತಿದ್ದ, ಬೇಳೆ ಬೆಂದಿದೆಯೇ ಎಂದು ಕುದಿಯುವ ಸದ್ದು ಕೇಳಿ ಹೇಳುತ್ತಿದ್ದ. ನಾನು ಮೂರು ವರ್ಷ ಲ್ಯಾಬಿನಲ್ಲಿ ಪಿಪೆಟ್ಟು ಹಿಡಿದು ಉಪ್ಪು ಯಾವುದು ಎಂದು ಹುಡುಕಿದವನು, ಹತ್ತರಲ್ಲಿ ಆರು ಸಲ ತಪ್ಪು ಹೇಳಿದವನು. ಆ ಮನುಷ್ಯ ಕೊಳದಪ್ಪಲೆಯ ಮೇಲೆ ಬಗ್ಗಿ ಮೂಗರಳಿಸಿ, "ಇನ್ನೊಂದ್ ಬೊಗ್ಸೆ ಆಕ್ಲಾ" ಎಂದರೆ ನನಗೆ ಮೈ ಜುಮ್ಮೆನ್ನುತ್ತಿತ್ತು. ನಾನು ಆಗಬೇಕಾದ್ದು ಇದೇ ಎಂದು ನನಗೆ ಅನುಮಾನವೇ ಉಳಿಯಲಿಲ್ಲ. ಇಪ್ಪತ್ತೊಂದನೇ ವಯಸ್ಸಿನಲ್ಲಿ ಯಾವುದರ ಬಗ್ಗೆಯೂ ಅನುಮಾನ ಇರುವುದಿಲ್ಲ ಬಿಡಿ.

ಪರೀಕ್ಷೆ ಮುಗಿದ ವಾರವೇ ಗುರುಪಾದಣ್ಣ ನನ್ನನ್ನು ಕರೆದು, "ನೋಡ್ಲಾ, ಒಂದೇ ದಿನ ಎರಡೆರಡು ಮದ್ವೆ ಒಪ್ಕಬೇಕಾಯ್ತದೆ. ಇನ್ನೊಂದು ಗುಂಪು ಕಟ್ತೀನಿ. ಆ ಗುಂಪು ನಿಂದು. ನಾನು ಆ ಕಡೆ ತಲೆ ಹಾಕಾಕಿಲ್ಲ" ಎಂದ. ನನಗೆ ಪಟ್ಟ ಕಟ್ಟಿದಷ್ಟು ಸಂತೋಷವಾಯಿತು. ಅದೇ ವಾರ ಗುಂಡ್ಲುಪೇಟೆಯ ಆಚೆ ಚೆಂಡುಹೂವಿನಿಂದ ಬಣ್ಣ ತೆಗೆಯುವ ಒಂದು ಫ್ಯಾಕ್ಟರಿಯಿಂದ ಕಾಗದ ಬಂತು. ಅರ್ಜಿ ಹಾಕಿದ್ದು ನನಗೇ ಮರೆತುಹೋಗಿತ್ತು. ಲ್ಯಾಬಿನಲ್ಲಿ ಕೆಲಸ, ಮನೆ ಹತ್ತಿರಕ್ಕೆ ವ್ಯಾನು, ಪಿಎಫ್ಫು, ಮಧ್ಯಾಹ್ನದ ಊಟ. ಅಪ್ಪ ಸಂಬಳದ ಸಾಲನ್ನು ನನ್ನಿಂದ ಮೂರು ಸಲ ಓದಿಸಿದ. ಮೂರನೇ ಸಲಕ್ಕೆ ಪಕ್ಕದ ಮನೆಯವರಿಗೂ ಕೇಳಲಿ ಎಂದು ಜಗುಲಿಗೆ ಕರೆದುಕೊಂಡು ಹೋಗಿ ಓದಿಸಿದ.

ಆ ಸಡಗರದ ನಡುವೆ ನಾನು ಗುರುಪಾದಣ್ಣನ ವಿಷಯ ತೆಗೆದೆ. ಅಪ್ಪನಿಗೆ ಅರಿಶಿನ ಬೆಳೆದು ಗೊತ್ತು, ಎತ್ತು ನೋಡಿ ಗೊತ್ತು. ಮಗ ಮದುವೆ ಮನೆಯಲ್ಲಿ ಸೌಟು ಹಿಡಿಯುವುದನ್ನು ನೋಡಿ ಗೊತ್ತಿಲ್ಲ. "ಸೌಟಾಡ್ಸಕ್ಕಾ ನಿನ್ನ ಕಾಲೇಜ್ಗೆ ಕಳ್ಸಿದ್ದು? ನೆಂಟ್ರ ಮದ್ವೇಲಿ ನಾನು ಎಲೆ ಮುಂದೆ ಕುಂತಿರ್ತೀನಿ, ನೀನು ಟವಲ್ ಸುತ್ಕಂಡು ಸಾರು ಬಡ್ಸಕೆ ಬತ್ತೀಯಾ?" ಎಂದು ಕೂಗಾಡಿದ. ಆಮೇಲೆ ಎರಡು ದಿನ ಮಾತೇ ಆಡಲಿಲ್ಲ. ನಾನೂ ಕಡಿಮೆಯವನಲ್ಲ, ಎರಡು ದಿನ ಉಪವಾಸ ಮಾಡಿದೆ. ಉಪವಾಸ ಎಂದರೆ ಎಲ್ಲರ ಮುಂದೆ ಉಣ್ಣುತ್ತಿರಲಿಲ್ಲ. ಅವ್ವ ಹಿತ್ತಲಿಗೆ ತಂದುಕೊಡುತ್ತಿದ್ದಳು.

ಮೂರನೇ ದಿನ ಅವ್ವ, "ಇಬ್ರೂ ಸಾಕು ಮಾಡಿ. ಸಿದ್ದಪ್ಪನ್ನ ಕೇಳ್ಬುಡನ" ಎಂದಳು. ಸಿದ್ದಪ್ಪ ನಮ್ಮ ಹೊಲದ ಹಿಂದಿನ ಗುಡಿಯ ದೇವರು. ಮೊಣಕಾಲುದ್ದದ ಒಂದು ಕಲ್ಲು, ಎರಡು ಬೆಳ್ಳಿಯ ಕಣ್ಣು. ಹೆಣ್ಣು ತರುವುದು, ಬಾವಿ ತೋಡಿಸುವುದು, ಹಸು ಮಾರುವುದು, ಎಲ್ಲವನ್ನೂ ನಮ್ಮ ಮನೆಯಲ್ಲಿ ಅವನನ್ನೇ ಕೇಳುವುದು. ಕೇಳುವ ಕ್ರಮ ನಿಮಗೆ ಗೊತ್ತಿರಬಹುದು. ಪೂಜಾರಿ, ನಮ್ಮ ಕಡೆ ತಮ್ಮಡಪ್ಪ ಎನ್ನುತ್ತೇವೆ, ಒದ್ದೆ ಹೂಗಳನ್ನು ದೇವರ ಎರಡು ಭುಜಕ್ಕೂ ಅಂಟಿಸುತ್ತಾನೆ. ನಾವು ಕಣ್ಣು ಮುಚ್ಚಿ ಮನಸ್ಸಿನಲ್ಲಿ ಕೇಳಿಕೊಳ್ಳಬೇಕು. ಬಲಗಡೆಯ ಹೂ ಬಿದ್ದರೆ ಆಗುತ್ತದೆ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಎರಡೂ ಬೀಳದಿದ್ದರೆ ದೇವರು ಯೋಚನೆ ಮಾಡುತ್ತಿದ್ದಾನೆ ಎಂದು.

ಮಾರನೆಯ ಬೆಳಿಗ್ಗೆ ಸ್ನಾನ ಮಾಡಿ ಮೂವರೂ ಹೋದೆವು. ತಮ್ಮಡಪ್ಪ ಅಂಟಿಸಿದ್ದು ಚೆಂಡುಹೂ. ನನಗೆ ಅಲ್ಲೇ ತಕರಾರಿತ್ತು. ಚೆಂಡುಹೂವಿನ ಫ್ಯಾಕ್ಟರಿಗೆ ಹೋಗಲೋ ಬೇಡವೋ ಎಂದು ಚೆಂಡುಹೂವನ್ನೇ ಕೇಳಿದರೆ ಅದು ತನ್ನವರ ಕಡೆ ಸಾಕ್ಷಿ ಹೇಳದೆ ಇರುತ್ತದೆಯೇ? ಆದರೆ ದೇವರ ಎದುರು ಲಾ ಪಾಯಿಂಟು ಎತ್ತುವ ಧೈರ್ಯ ನನಗಿರಲಿಲ್ಲ. ತಮ್ಮಡಪ್ಪ ಗಂಟೆ ಅಲ್ಲಾಡಿಸಿ, "ಒಬ್ರು ಕೇಳ್ಕಳಿ, ಸಾಕು" ಎಂದ. ಯಾರು ಆ ಒಬ್ಬರು ಎಂದು ನಾವು ಮಾತಾಡಿಕೊಂಡೇ ಇರಲಿಲ್ಲ. ಅಪ್ಪ ಕೈ ಮುಗಿದ. ಅವ್ವ ಸೆರಗು ಹೊದ್ದು ಕಣ್ಣು ಮುಚ್ಚಿದಳು. ನಾನೂ ಮುಚ್ಚಿದೆ. ಮೂವರು ಒಂದೇ ಹೂವಿಗೆ ಮೂರು ಅರ್ಜಿ ಹಾಕಿದೆವು. ನಾನು ಏನು ಕೇಳಿದೆ ಎಂಬುದನ್ನು ಆಮೇಲೆ ಹೇಳುತ್ತೇನೆ, ಈಗಲೇ ಹೇಳಿದರೆ ನೀವು ಎದ್ದು ಹೋಗುತ್ತೀರಿ.

ಸಿದ್ದಪ್ಪ ಬಹಳ ಹೊತ್ತು ಯೋಚನೆ ಮಾಡಿದ. ತಮ್ಮಡಪ್ಪ ಎರಡು ಸಲ ಕೆಮ್ಮಿದ. ಒಂದು ಆಡು ಬಾಗಿಲಿಗೆ ಬಂದು ನಮ್ಮನ್ನು ನೋಡಿ ಹೋಯಿತು. ನನ್ನ ಕಾಲು ಜೋಮು ಹಿಡಿಯುವ ಹೊತ್ತಿಗೆ ಬಲಗಡೆಯ ಹೂ ಜಾರಿ ಪಟ್ಟನೆ ಬಿತ್ತು. "ಕೊಟ್ಟ! ಕೊಟ್ಟ!" ಎಂದು ಅವ್ವ ಕೆನ್ನೆ ಕೆನ್ನೆ ಬಡಿದುಕೊಂಡಳು. ಅಪ್ಪ ಬಾಯಿ ತೆರೆಯುವ ಮೊದಲೇ ನಾನು, "ಸರಿ ಕನಪ್ಪ, ಸೋಮವಾರ ಫ್ಯಾಕ್ಟ್ರಿಗೆ ಓಯ್ತೀನಿ. ದೇವ್ರೇ ಹೇಳುದ್ಮೇಲೆ ಇನ್ನೇನು" ಎಂದುಬಿಟ್ಟೆ. ಅಪ್ಪ ನನ್ನ ಮುಖ ನೋಡಿ, "ಊಂ, ಆಯ್ತು ಬುಡು" ಎಂದ. ಗುರುಪಾದಣ್ಣನಿಗೆ ಫೋನು ಮಾಡಿ ಹೇಳುವ ಮುಖವೂ ನನಗಿರಲಿಲ್ಲ. ಬೇರೆಯವರ ಕೈಲಿ ಹೇಳಿ ಕಳಿಸಿದೆ.

ಸೋಮವಾರದಿಂದ ನನ್ನ ಬಾಳಿಗೆ ಬೇರೆ ವಾಸನೆ ಹತ್ತಿತು. ಚೆಂಡುಹೂ ದೇವರ ಕೊರಳಲ್ಲಿ ಎಷ್ಟು ಚೆಂದವೋ ಫ್ಯಾಕ್ಟರಿಯ ಗುಂಡಿಯಲ್ಲಿ ಅಷ್ಟೇ ಘೋರ. ಟನ್ನುಗಟ್ಟಲೆ ಹೂವನ್ನು ತುಂಬಿ, ಮುಚ್ಚಿ, ಹುಳಿ ಬರಿಸುತ್ತಾರೆ. ಆ ವಾಸನೆ ಶರಟಿಗೆ ಹತ್ತಿದರೆ ಎರಡು ಒಗೆತಕ್ಕೆ ಹೋಗುವುದಿಲ್ಲ. ವ್ಯಾನು ತಪ್ಪಿದ ದಿನ ಗುಂಡ್ಲುಪೇಟೆ ಬಸ್ಸಿನಲ್ಲಿ ನನಗೆ ಯಾವತ್ತೂ ಇಬ್ಬರ ಸೀಟು ಒಬ್ಬನಿಗೇ. ಹಾಗೆಂದು ಕೆಲಸ ಕೆಟ್ಟದೆಂದು ಹೇಳಿದರೆ ನಾಲಿಗೆ ಬಿದ್ದುಹೋಗುತ್ತದೆ. ಮನೆಗೆ ತಾರಸಿ ಹಾಕಿಸಿದೆ. ಕುದೇರಿನ ಹುಡುಗಿಯನ್ನು ಮದುವೆಯಾದೆ. ಈಗ ಶಿಫ್ಟ್ ಇನ್‌ಚಾರ್ಜು, ನಾಲ್ಕು ಜನ ಸಾರ್ ಎನ್ನುತ್ತಾರೆ.

ಆದರೆ ಸುಖವಾಗಿದ್ದೇನೆ ಎಂದು ಒಪ್ಪಿಕೊಂಡರೆ ನನ್ನ ಕಥೆ ಕೆಡುತ್ತಿತ್ತು. ಆ ಕಥೆಯನ್ನು ನಾನು ಹದಿನೈದು ವರ್ಷ ಬೆಳೆಸಿದ್ದೆ. ಕ್ಯಾಂಟೀನಿನ ಸಾಂಬಾರು ಬಾಯಿಗಿಟ್ಟಾಗಲೆಲ್ಲ, "ನಾನು ಅಡ್ಗೆ ಮಾಡ್ಬೇಕಾಗಿದ್ದೋನು ಕನ್ರಯ್ಯ. ನಮ್ಮಪ್ಪ ಹೋಗಿ ದೇವ್ರತ್ರ ಫ್ಯಾಕ್ಟ್ರಿ ಕೇಳ್ಕಂಡ್ ಬಂದ್ಬುಟ್ಟ" ಎನ್ನುತ್ತಿದ್ದೆ. ನೆಂಟರ ಊಟದಲ್ಲಿ ಹೇಳುತ್ತಿದ್ದೆ. ಅಪ್ಪನಿಗೆ ಕೇಳಿಸುವ ಹಾಗೆ ಇನ್ನೂ ಸ್ವಲ್ಪ ಜೋರಾಗಿ ಹೇಳುತ್ತಿದ್ದೆ. ಪ್ರಮೋಷನ್ನು ತಪ್ಪಿದರೆ ಅಪ್ಪ, ಸೊಂಟ ನೋವು ಬಂದರೆ ಅಪ್ಪ, ಬಸ್ಸಿನಲ್ಲಿ ಹೆಂಗಸರು ಮೂಗು ಮುಚ್ಚಿಕೊಂಡರೆ ಅಪ್ಪ. ಆತ ಒಂದು ಸಲವೂ ಎದುರಾಡಲಿಲ್ಲ. ತಪ್ಪು ಮಾಡಿದವರು ಹೀಗೇ ಸುಮ್ಮನಿರುತ್ತಾರೆ ಎಂದು ನಾನು ಹೆಂಡತಿಗೆ ಬೇರೆ ವಿವರಿಸುತ್ತಿದ್ದೆ.

ಈಗ ಮಂಟಪದ ಅಡುಗೆಮನೆಗೆ ಬನ್ನಿ. ಗುರುಪಾದಣ್ಣ ಒಂದು ಸ್ಟೂಲಿನ ಮೇಲೆ ಕುಳಿತಿದ್ದ. ಮಂಡಿ ಹೋಗಿದೆ, ಮೂಗು ಹೋಗಿಲ್ಲ. ನನ್ನನ್ನು ಕಣ್ಣೆತ್ತಿ ನೋಡುವ ಮೊದಲೇ, "ಯಾರ್ಲಾ ಅದು, ಹೂವಿನ್ ಫ್ಯಾಕ್ಟ್ರಿಯವ್ನು?" ಎಂದ. ನಕ್ಕೆ. ಕಾಲು ಮುಟ್ಟಿ ಪಕ್ಕದ ಈರುಳ್ಳಿ ಮೂಟೆಯ ಮೇಲೆ ಕುಳಿತೆ. ಅಭ್ಯಾಸ ಬಲ, ಬಾಯಿ ತಾನಾಗಿ ಶುರುವಾಯಿತು: "ಅಪ್ಪ ಆವತ್ತು ದೇವ್ರತ್ರ..."

"ಅದೆಲ್ಲ ಕೇಳಿವ್ನಿ ಬುಡು," ಎಂದ. "ನೀನೇನ್ ಕೇಳ್ದೆ? ನೀನೂ ಕಣ್ಮುಚ್ಚಿದ್ಯಲ್ಲ?"

ಹದಿನೈದು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಈರುಳ್ಳಿ ಹೆಚ್ಚುತ್ತಿದ್ದ ಇಬ್ಬರು ಹೆಂಗಸರೂ ಕೈ ನಿಲ್ಲಿಸಿದರು. ಸುಳ್ಳು ಹೇಳಬಹುದಿತ್ತು. ಆದರೆ ಉಪ್ಪನ್ನು ಮೂಗಿನಲ್ಲಿ ಹಿಡಿಯುವ ಮನುಷ್ಯನ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದು ಹೇಗೆ?

"ಫ್ಯಾಕ್ಟ್ರಿ ಕೇಳ್ದೆ ಕನಣ್ಣ," ಎಂದೆ. "ಫ್ಯಾಕ್ಟ್ರಿಗೇ ಕಳ್ಸಪ್ಪ ಅಂತ ಕೇಳ್ಕಂಡೆ."

ನಿಜ ಇಷ್ಟೇ. ನಾನು ಹೆದರಿದ್ದೆ. ಇನ್ನೊಂದು ಗುಂಪು ನಿನ್ನದು, ನಾನು ತಲೆ ಹಾಕುವುದಿಲ್ಲ ಎಂದು ಗುರುಪಾದಣ್ಣ ಹೇಳಿದ ದಿನದಿಂದ ನನಗೆ ನಿದ್ದೆ ಇರಲಿಲ್ಲ. ಆರುನೂರು ಎಲೆ ಹಾಕಿರುತ್ತಾರೆ, ಬೀಗರು ಕುಳಿತಿರುತ್ತಾರೆ, ಸಾರು ಕೆಟ್ಟಿರುತ್ತದೆ, ಎಲ್ಲರೂ ನನ್ನ ಕಡೆ ತಿರುಗಿರುತ್ತಾರೆ. ಅವನ ಬೆನ್ನ ಹಿಂದೆ ನಿಂತು ಸೌಟಾಡಿಸುವುದು ನನ್ನ ಕನಸಾಗಿತ್ತು; ಮುಂದೆ ನಿಲ್ಲುವುದು ಆಗಿರಲಿಲ್ಲ. ಫ್ಯಾಕ್ಟರಿಯಲ್ಲಿ ತಪ್ಪಾದರೆ ಹಿಂದಿನ ಶಿಫ್ಟಿನವರ ಮೇಲೆ ಹಾಕಬಹುದು. ನಾನು ಹಾಕಿದ್ದೇನೆ, ಎಷ್ಟೋ ಸಲ.

ಗುರುಪಾದಣ್ಣ ಬೇಸರ ಮಾಡಿಕೊಳ್ಳಲಿಲ್ಲ. "ಗೊತ್ತಿತ್ತು ಕಣ್ಲಾ. ಬರೋನಾಗಿದ್ರೆ ಹೂ ಯಾಕೆ ಕೇಳ್ತಿದ್ದೆ? ಚೀಲ ತಕಂಡು ಬತ್ತಿದ್ದೆ" ಎಂದು ಹೇಳಿ, ನನ್ನನ್ನು ಮರೆತು, ಪಲ್ಯ ತಳ ಹಿಡಿಯುತ್ತಿದೆ ಎಂದು ಆಚೆಯವನಿಗೆ ಕೂಗಿದ. ನಾನು ಊಟ ಮಾಡದೆ ಬಸ್ಸು ಹತ್ತಿದೆ.

ಮನೆಗೆ ಬಂದಾಗ ಅಪ್ಪ, ಅವ್ವ, ನನ್ನ ಹೆಂಡತಿ ಮೂವರೂ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಕುಳಿತು ನಾನೂ ಒಂದು ಹಿಡಿ ತೆಗೆದುಕೊಂಡೆ. ಅಪ್ಪನಿಗೆ ಒಂದೇ ಉಸಿರಿಗೆ ಹೇಳಿಬಿಟ್ಟೆ. ಆವತ್ತು ಫ್ಯಾಕ್ಟರಿ ಕೇಳಿದ್ದು ನಾನೂ ಸಹ, ನಿನ್ನೊಬ್ಬನದೇ ತಪ್ಪಲ್ಲ, ಇಷ್ಟು ವರ್ಷ ಸುಮ್ಮನೆ ನಿನ್ನನ್ನು ಅಂದೆ ಎಂದು.

ಅವ್ವ ಮೊದಲು ಬಾಯಿ ಬಿಟ್ಟಳು. "ಅಯ್ಯೋ, ನಾನು ಕೆಲ್ಸ ಕೇಳ್ಲೇ ಇಲ್ಲ ಕನಾ ಮಗ. ಕುದೇರು ಹೆಣ್ಣು ಒಪ್ತದಾ ಅಂತ ಕೇಳ್ದೆ."

"ಒಪ್ಕಂಡು ಏನ್ ಸುಖ ಕಂಡೆ," ಎಂದಳು ನನ್ನ ಹೆಂಡತಿ.

ಅಪ್ಪ ಕಾಯಿ ಸುಲಿಯುತ್ತಲೇ ಇದ್ದ. ತಲೆ ಎತ್ತದೆ, "ನಾನು ಫ್ಯಾಕ್ಟ್ರಿ ಕೇಳ್ನಿಲ್ಲ ಕಣ್ಲಾ" ಎಂದ.

ನಾನು ಕೈಲಿದ್ದ ಕಾಯಿ ಕೆಳಗಿಟ್ಟೆ.

"ಎರಡು ದಿನ ಯೋಚ್ನೆ ಮಾಡ್ದೆ. ಉಣ್ದೆ ಕುಂತವ್ನೆ ಹುಡ್ಗ, ಅಷ್ಟು ಆಸೆ ಮಡಿಕಂಡವ್ನೆ ಅನ್ನುಸ್ತು. ಅಡ್ಗೆಗೇ ಕಳ್ಸ್ಲಾ ಸಿದ್ದಪ್ಪ ಅಂತ ಕೇಳ್ದೆ. ಕೊಟ್ಬುಟ್ಟ. ಓಗು ಅನ್ನನ ಅನ್ನಷ್ಟರಲ್ಲಿ ನೀನೇ ಫ್ಯಾಕ್ಟ್ರಿ ಫ್ಯಾಕ್ಟ್ರಿ ಅಂದೆ. ಮುಖ ಅರಳ್ಕಂಡಿತ್ತು ನಿಂದು. ಇನ್ನು ನಾನ್ಯಾಕೆ ಅಡ್ಡ ಬರ್ಲಿ ಅಂತ ಸುಮ್ನಾದೆ."

"ಮತ್ತೆ ನಾನು ಇಷ್ಟೊರ್ಷ ಊರೆಲ್ಲ ನಿನ್ನ ಬೈಕಂಡು ತಿರುಗ್ದಾಗ ಒಂದ್ ಮಾತು ಹೇಳ್ಬಾರ್ದಿತ್ತಾ?"

"ಯಾರ್ನಾದ್ರೂ ಬೈಕಬೇಕಾಗಿತ್ತಲ್ಲ ನೀನು," ಎಂದ ಅಪ್ಪ. "ನನ್ನೇ ಬೈಕಳ್ಳಿ ಬುಡು ಅಂದ್ಕಂಡೆ."

ನನಗೆ ಅಳು ಬಂತು, ತಪ್ಪನ್ನು ಅವರೆಕಾಯಿಯ ಸೊನೆಯ ಮೇಲೆ ಹಾಕಿ ಕಣ್ಣು ಒರೆಸಿಕೊಂಡೆ. ಅಪ್ಪ ಮೊರ ನನ್ನ ಕಡೆ ತಳ್ಳಿ ಬೀಡಿ ಹುಡುಕಿಕೊಂಡು ಒಳಗೆ ಹೋದ.

ನಿನ್ನೆ ಕ್ಯಾಂಟೀನಿನಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ತಟ್ಟೆ ಹಿಡಿದು ಎದುರು ಕುಳಿತಳು. ನನ್ನ ಕಥೆ ಅವಳವರೆಗೂ ತಲುಪಿತ್ತು. "ಸಾರ್, ನೀವು ಅಡ್ಗೆಯವ್ರಾಗ್ಬೇಕು ಅಂತಿದ್ರಂತೆ. ನಿಮ್ಮಪ್ಪ ಬಿಡ್ಲಿಲ್ವಂತೆ?" ಎಂದಳು.

"ಬಿಟ್ಟಿದ್ರು ಕಣಮ್ಮಿ," ಎಂದೆ. "ನಾನೇ ಓಗ್ನಿಲ್ಲ."