ಎರಡನೆಯ ಹಂಚು

ನನ್ನ ಮೊಮ್ಮಗಳಿಗೆ ಭಾಲ್ಕಿಯ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರ್ ಕೆಲಸ ಸಿಕ್ಕಿತು! ನಮ್ಮ ಮನೆಯೂ ಒಡೆಯಲಿಲ್ಲ! ಎರಡೂ ಒಂದೇ ದಿನ ಗೊತ್ತಾಗಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸಾಲಿ ಅರ್ಧಕ್ಕೇ ಬಿಟ್ಟ ನಾನು ಪೆನ್ನು ಹಿಡಿದದ್ದೂ ಆ ಖುಷಿಗೇ.

ಅದಕ್ಕೂ ಮುಂಚೆ ನನಗೆ ನಿದ್ದೆ ಇರಲಿಲ್ಲ. ಬೀದರಿನ ಮೈಲೂರಿನ ನಮ್ಮ ಮನೆಯಲ್ಲಿ ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು, ಅಡುಗೆ ಒಂದೇ. ಹಿರಿಸೊಸೆ ಔರಾದ ಕಡೆಯ ಎಕಂಬಾಕ್ಕೆ, ತವರಿಗೆ ಹೋಗಿ ಬಂದವಳು ಚೀಲದಲ್ಲಿ ಏನೋ ಮುಚ್ಚಿ ತಂದಳು. ಅವಳು ಜಳಕಕ್ಕೆ ಹೋದಾಗ ಬಿಚ್ಚಿ ನೋಡಿದೆ. ರೊಟ್ಟಿ ಸುಡುವ ಹಂಚು! ನಮ್ಮಲ್ಲಿ ಬೇರೆಯಾಗುವವರು ಬಾಯಿಬಿಟ್ಟು ಹೇಳುವುದಿಲ್ಲ. ಮೊದಲು ಹಂಚು ಬರುತ್ತದೆ, ಮಾತು ಆಮೇಲೆ. ಎಕಂಬಾದಲ್ಲಿ ಅವಳ ಅಣ್ಣತಮ್ಮಂದಿರು ಬೇರೆಯಾದದ್ದೂ ಹೀಗೆಯೇ.

ಸಾಲದ್ದಕ್ಕೆ ಅವಳೂ ಅವಳ ಮಗಳು, ಈ ಮೊಮ್ಮಗಳೂ ಬಾಗಿಲು ಮುಂದೆ ಮಾಡಿಕೊಂಡು ಪಿಸುಪಿಸು. ನಾನು ಹೋದರೆ ಗಪ್ಪು. ಮೊಮ್ಮಗಳು ಬರೆದ ಎರಡು ಚಿತ್ರ ಹಾಸಿಗೆ ಮೇಲಿದ್ದವು. ಒಂದರಲ್ಲಿ ಮನೆಮಂದಿಯೆಲ್ಲ ಒಂದೇ ಹಂಚಿನ ಸುತ್ತ. ಇನ್ನೊಂದರಲ್ಲಿ ಒಬ್ಬೊಬ್ಬರ ಮುಂದೆ ಒಂದೊಂದು ಹಂಚು. ಇನ್ನೇನು ಸಾಕ್ಷಿ ಬೇಕು? ಹೊಸ ಹಂಚನ್ನು ಜೋಳದ ಚೀಲದಲ್ಲಿ ಹುಗಿದುಬಿಟ್ಟೆ.

ಮರುದಿನ ಬೆಳಿಗ್ಗೆ ಮೊಮ್ಮಗಳು ತಾಯಿಯನ್ನು ಕೂಗಿದಳು. "ಅವ್ವಾ, ಹಂಚು ಎಲ್ಲದ? ಭಾಲ್ಕಿ ಬಸ್ಸಿಗಿ ಹೊತ್ತಾಯ್ತು!"

"ಭಾಲ್ಕಿಗಿ ಹಂಚು ಯಾಕ? ಅಲ್ಲೇ ಬ್ಯಾರಿ ಮನಿ ಮಾಡ್ತೀರೇನು?" ಎಂದೆ ನಾನು.

"ಪಾಠಕ್ಕ, ಆಯಿ! ಇವತ್ತ ಅಲ್ಲಿ ಸಾಲ್ಯಾಗ ಪಾಠ ಮಾಡಿ ತೋರ್ಸು ಅಂದಾರ. ಚೊಲೋ ಆದ್ರ ಕೆಲಸ. ಇಂಗ್ಲಿಷ್‌ನಾಗ ಮನಿಮಂದಿಗಿ 'ಫ್ಯಾಮಿಲಿ' ಅಂತ ಒಂದೇ ಶಬ್ದ. ಎಲ್ಲಾರೂ ಕೂಡಿ ಒಂದಾಗಿದ್ರ ಏಕವಚನ. ಅವರವರ ಕೆಲಸ ಅವರವರು ಮಾಡ್ಲಿಕತ್ರ ಬಹುವಚನಾನೂ ನಡೀತದ. ಆ ಎರಡು ಚಿತ್ರ, ಹಂಚು ತೋರ್ಸಿ ಹೇಳ್ತೇನಿ."

"ಒಂದೇ ಮನಿ, ಒಮ್ಮೆ ಒಂದು, ಒಮ್ಮೆ ಹತ್ತು? ಮನಿ ಒಡಿಯೋ ಭಾಷಾ ಅದು!"

ಹಿರಿಸೊಸೆಗೆ ನಗು ತಡೆಯಲಾಗಲಿಲ್ಲ. "ನಿಮ್ಮ ಹಂಚು ಮುಟ್ಲಿಕ್ಕಿ ಬಿಡ್ತಿದ್ರೇನ್ರಿ ಅತ್ತಿ? ಅದಕ್ಕ ತವರಿಂದ ತಂದೇನಿ. ಕೆಲಸ ಸಿಗ್ಲಿಲ್ಲಂದ್ರ ನಿಮಗ ಬ್ಯಾಸರ ಆಗ್ತದಂತ ಹೇಳಿರ್ಲಿಲ್ಲ."

ಮೊಣಕೈತನಕ ಜೋಳದಲ್ಲಿ ಕೈ ಹಾಕಿ ಹಂಚು ತೆಗೆದುಕೊಟ್ಟೆ. ಪೂರ್ತಿ ನಂಬಿದೆನೇ? ಇಲ್ಲ. ಭಾಲ್ಕಿಯಿಂದ ಫೋನ್ ಬರುವವರೆಗೂ ಸೊಸೆಯ ಮೇಲೆ ಒಂದು ಕಣ್ಣಿಟ್ಟೇ ಇದ್ದೆ. "ಆಯಿ, ಸಿಕ್ತು!" ಎಂದದ್ದೇ ತಡ, ಓಣಿಗೆಲ್ಲ ಸಕ್ಕರೆ ಹಂಚಿದೆ.

ಸಂಜೆ ಎಕಂಬಾದಿಂದ ಬೀಗರೂ ಬಂದರು. ಬೇರೆಯಾಗಿದ್ದ ಅಣ್ಣತಮ್ಮಂದಿರು ಒಂದೇ ಗಾಡಿಯಲ್ಲಿ. ಒಂದು ಹಂಚಿನಿಂದ ರೊಟ್ಟಿ ಮುಗಿಯುವಂತಿರಲಿಲ್ಲ. ಹಿರಿಸೊಸೆ ಹೊಸ ಹಂಚು ಹಿಡಿದು ನನ್ನ ಮುಖ ನೋಡಿದಳು.

"ಇಡ್ಲೇನ್ರಿ ಅತ್ತಿ?"

"ಇಡವ್ವಾ, ಮಂದಿ ಹಸ್ದಾರ," ಎಂದು ನನ್ನ ಹಂಚನ್ನು ಆಚೆ ಸರಿಸಿ ಜಾಗ ಮಾಡಿದೆ.

ಎಲ್ಲರೂ ಸಾಲಾಗಿ ಕೂತು ಉಂಡೆವು. ಒಬ್ಬರಿಗೆ ಮೆತ್ತಗಿನದು ಬೇಕು, ಇನ್ನೊಬ್ಬರಿಗೆ ಕಟಕಟಿ. ನನ್ನ ತಾಟಿಗೆ ಬಂದ ರೊಟ್ಟಿಯನ್ನು ತಿರುವಿ ಹಾಕಿ ನೋಡಿದೆ, ಯಾವ ಹಂಚಿನದೆಂದು. ಗೊತ್ತಾಗಲಿಲ್ಲ. ಪುಂಡಿ ಪಲ್ಯ ಹಚ್ಚಿಕೊಂಡು ತಿಂದೆ.